ಬ್ಯಾರನ್ ಮನೆಯ ಸಂಪರ್ಕ ತರಗತಿ

ರಾವಂದೂರಿಗೆ ಎರಡು ಮೈಲಿ ಈಚೆ, ರಸ್ತೆ ಬಲಕ್ಕೆ ಹೊರಳುವಲ್ಲಿ ಇರುವ ಕೊಪ್ಪಲಿನಲ್ಲಿ ಗೇಟಿನ ಮೇಲೆ ಹೆಸರು ಬರೆಸಿಕೊಂಡವನು ನಂಜುಂಡೇಶ ಒಬ್ಬನೇ. ಹತ್ತೊಂಬತ್ತು ವರ್ಷ ಸೈನ್ಯದಲ್ಲಿದ್ದು ಹವಾಲ್ದಾರನಾಗಿ ನಿವೃತ್ತನಾದವನು. ಯುದ್ಧ ಗಿದ್ಧ ನೋಡಿದವನಲ್ಲ. ಉಗ್ರಾಣದಲ್ಲಿ ಕೂತು, ಕಂಬಳಿ ಕೊಟ್ಟು ಕಂಬಳಿ ವಾಪಸು ಪಡೆದು ದೇಶ ಕಾಯ್ದವನು. ಬರುವಾಗ ಸೈನ್ಯದವರು ಕೈಗೊಂದು ಪ್ರಮಾಣಪತ್ರ ಕೊಟ್ಟಿದ್ದರು: ಇವನ ಸೇವೆಯನ್ನು ಕೆಲಸದ ಮಟ್ಟಿಗೆ ಪದವಿಗೆ ಸಮಾನವೆಂದು ತಿಳಿಯಬಹುದು ಎಂದು. ಅವನು ಹಾಗೆಯೇ ತಿಳಿದ. ಪೇಂಟರನ್ನು ಕರೆಸಿ ಗೇಟಿನ ಮೇಲೆ 'ನಂಜುಂಡೇಶ್, ಬಿ.ಎ. (ಸಮಾನ)' ಎಂದು ಬರೆಸಿದ.

ವಾರದೊಳಗೆ ಊರು ಅವನನ್ನು 'ಸಮಾನಣ್ಣ' ಎಂದು ಕರೆಯತೊಡಗಿತು. ಎದುರುಮನೆಯ ಮಂಗಳಮ್ಮ ಮಾತ್ರ ಇನ್ನೂ ಒಂದು ಹೆಜ್ಜೆ ಮುಂದೆ ಹೋದಳು. ನಲ್ಲಿಯ ಹತ್ತಿರ ಹತ್ತು ಜನರ ಮುಂದೆ ಕೇಳಿದಳು:

"ಅಲ್ಲ ಕಣ್ ಸುಕನ್ಯ, ಸಮಾನ ಅಂದ್ರೇನವ್ವ? ಗಂಡನ ಸಮಾನ ಅಂತ ಯಾರನ್ನಾದ್ರೂ ಮನೆ ಒಳೀಕೆ ಬುಟ್ಕೊಂಡಾರಾ?"

ನಂಜುಂಡೇಶನ ಹೆಂಡತಿ ಸುಕನ್ಯ ಕೊಡ ಎತ್ತಿಕೊಂಡು ಬಂದಳು. ನಗು ಬಂದಿತ್ತು. ಮನೆಗೆ ಬಂದು ಹೇಳಿದಾಗ ಗಂಡನಿಗೆ ನಗು ಬರಲಿಲ್ಲ. ಮಾರನೆಯ ದಿನವೇ ಹುಣಸೂರಿಗೆ ಹೋಗಿ, ದೂರಶಿಕ್ಷಣದಲ್ಲಿ ಬಿ.ಎ. ಓದುವ ಮಾಜಿ ಸೈನಿಕರಿಗೆ ಇರುವ ಸವಲತ್ತಿನ ಅರ್ಜಿ ತಂದ. ನಡುಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ತುಂಬಿದ. 'ಫಲಾನುಭವಿ: ಸ್ವತಃ / ಪತ್ನಿ. ಯಾವುದಾದರೂ ಒಂದಕ್ಕೆ ಮಾತ್ರ ಗುರುತು ಹಾಕಿ' ಎಂಬ ಸಾಲಿಗೆ ಬಂದಾಗ, ಪಕ್ಕದಲ್ಲಿ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದ ಸುಕನ್ಯಳ ಕೈ ನಿಂತಿತು.

ಅವಳು ಪಿಯುಸಿಯಲ್ಲಿ ಚರಿತ್ರೆಗೆ ತೊಂಬತ್ತೊಂದು ತೆಗೆದವಳು. ಫಲಿತಾಂಶ ಬಂದ ಹದಿನೈದನೆಯ ದಿನಕ್ಕೆ ಮದುವೆ.

"ರೀ, ಇಲ್ಲಿ ಪತ್ನಿ ಅಂತಾನೂ ಇದೆ."

"ಅದು ಗಂಡ ಸತ್ತೋರಿಗೆ ಕಣೆ. ನಾನಿನ್ನೂ ಇದ್ದೀನಲ್ಲ," ಎಂದು ನಂಜುಂಡೇಶ 'ಸ್ವತಃ' ಎಂಬಲ್ಲಿ ಬಲವಾಗಿ ಗುರುತು ಹಾಕಿದ. ಪೆನ್ನು ಕಾಗದವನ್ನು ತೂತು ಮಾಡಿತು. ಸುಕನ್ಯ ಮತ್ತೆ ಬತ್ತಿ ಹೊಸೆಯತೊಡಗಿದಳು.

ಪುಸ್ತಕಗಳು ಬಂದವು. ಮನೆಯಲ್ಲಿ ಕೂತರೆ ಗಮನ ನಿಲ್ಲುವುದಿಲ್ಲವೆಂದು ನಂಜುಂಡೇಶ ಹಿತ್ತಿಲಿನ ಬ್ಯಾರನ್ ಮನೆಯನ್ನು ಆರಿಸಿಕೊಂಡ. ಹೊಗೆಸೊಪ್ಪು ಹದ ಮಾಡುವ ಈ ಎತ್ತರದ ಮಣ್ಣುಗೋಡೆಯ ಗೂಡುಗಳನ್ನು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಕಿಟಕಿಯಿಲ್ಲ, ಬಾಗಿಲೊಂದೇ. ಹೊರಗೆ ಗೋಡೆಯ ಹಿಂದೆ ಒಲೆ ಬಾಯಿ. ಅಲ್ಲಿ ಸೌದೆ ಉರಿದರೆ ಕಾವು ದಪ್ಪನೆಯ ಕಬ್ಬಿಣದ ಕೊಳವೆಗಳಲ್ಲಿ ಹರಿದು ಒಳಗೆಲ್ಲ ಸುತ್ತುತ್ತದೆ. ನಂಜುಂಡೇಶನ ಅಣ್ಣ ಶುಂಠಿ ಹಾಕಲು ತೊಡಗಿದ ಮೇಲೆ ಎಂಟು ವರ್ಷದಿಂದ ಅದರಲ್ಲಿ ಉರಿ ಬಿದ್ದಿರಲಿಲ್ಲ. ಉರಿ ನಿಂತದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಕೊನೆಯ ವರ್ಷ ಉರಿ ನೋಡಿಕೊಳ್ಳುತ್ತಿದ್ದ ಪುಟ್ಟಮಾದಮ್ಮ ಒಲೆ ಬಾಯಿಯ ಮುಂದಿನ ಕಲ್ಲಿನ ಮೇಲೆ ಕೂತಲ್ಲೇ, ಗೋಡೆಗೆ ತಲೆ ಆನಿಸಿ, ಮಟಮಟ ಮಧ್ಯಾಹ್ನ ಹೋಗಿಬಿಟ್ಟಿದ್ದಳು. ಇಳಿಹೊತ್ತಿನವರೆಗೂ ಊರವರು ಅವಳು ತೂಕಡಿಸುತ್ತಿದ್ದಾಳೆ ಎಂದುಕೊಂಡು ಪಕ್ಕದಲ್ಲೇ ಓಡಾಡಿದ್ದರು.

ಓದುವುದರಲ್ಲೂ ನಂಜುಂಡೇಶನದು ಸೈನ್ಯದ ಕ್ರಮ. ಬಾಗಿಲು ಹಾಕಿಕೊಂಡು ಅಧಿಕಾರಿಯ ದನಿಯಲ್ಲಿ ಪ್ರಶ್ನೆ ಕೇಳುತ್ತಿದ್ದ, ಎದುರಿಗೆ ಬಂದು ಸೆಟೆದು ನಿಂತು ಜವಾನನ ದನಿಯಲ್ಲಿ ಉತ್ತರ ಕೊಡುತ್ತಿದ್ದ. ಅವನು ಬೆಳಿಗ್ಗೆ ರಾವಂದೂರಿಗೆ ಹೋದಾಗ ಸುಕನ್ಯ ಆ ಪುಸ್ತಕಗಳನ್ನು ಓದುತ್ತಿದ್ದಳು. ಮಧ್ಯಾಹ್ನ ಒಲೆ ಬಾಯಿಯ ಕಲ್ಲಿನ ಮೇಲೆ, ನೆರಳಿದೆಯೆಂದು, ಮೊರದಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂರುತ್ತಿದ್ದಳು.

"ಹೈದರಾಲಿ ಹುಟ್ಟಿದ ಊರು ಯಾವುದು?" ಒಳಗಿನಿಂದ ಅಧಿಕಾರಿ ಗುಡುಗಿದ.

"ಶ್ರೀರಂಗಪಟ್ಟಣ, ಸಾರ್!"

ಸುಕನ್ಯಳಿಗೆ ತಡೆಯಲಾಗಲಿಲ್ಲ. ಬೀಜ ಬಿಡಿಸುತ್ತಲೇ ಒಲೆ ಬಾಯಿಯೊಳಕ್ಕೆ ತಲೆ ಬಗ್ಗಿಸಿ ಅಂದಳು: "ಬೂದಿಕೋಟೆ."

ಮಾತು ಎಂಟು ವರ್ಷದ ಬೂದಿಯ ಮೇಲೆ ಹಾದು, ತುಕ್ಕು ಹಿಡಿದ ಕೊಳವೆಯಲ್ಲಿ ಸುತ್ತು ಹಾಕಿ, ನಂಜುಂಡೇಶನ ಕಾಲಬುಡದಲ್ಲಿ ಹೊರಬಿದ್ದಾಗ ಅದು ಸುಕನ್ಯಳ ದನಿಯಾಗಿ ಉಳಿದಿರಲಿಲ್ಲ. 'ಬೂದೀ' ಎಂಬುದಷ್ಟೇ ಕೇಳಿಸಿತು. 'ಕೋಟೆ' ಎಲ್ಲೋ ಕೊಳವೆಯ ತಿರುವಿನಲ್ಲಿ ನರಳಿ ನಿಂತಿತು. ಬಾಗಿಲು ಧಡಾರೆಂದಿತು. ಸುಕನ್ಯ ಬಾಯಿಗೆ ಸೆರಗು ಒತ್ತಿ ನಕ್ಕು, ಹೇಳಿಬಿಡೋಣವೆಂದು ಎದ್ದು ಸುತ್ತಿ ಬರುವಷ್ಟರಲ್ಲಿ ಗಂಡ ಮಂಗಳಮ್ಮನ ಜಗುಲಿ ಮುಟ್ಟಿದ್ದ.

"ಬೂದಿ ಅಂತು ಕಣ್ರೀ! ನನ್ನ ಬೂದಿ ಮಾಡ್ತೀನಿ ಅಂತು!"

ದೆವ್ವ ಒಂದು ಸಲ ಜಗುಲಿ ಹತ್ತಿದ ಮೇಲೆ ಅದನ್ನು ಇಳಿಸುವುದು ಹೆಂಡತಿಯ ಕೈಲಾಗುವ ಕೆಲಸವಲ್ಲ. ಸುಕನ್ಯ ಬಾಯಿ ತೆರೆದಾಗಲೆಲ್ಲ ಮಂಗಳಮ್ಮ "ನೀ ಸುಮ್ನಿರವ್ವ, ನಿಂಗೇನ್ ಗೊತ್ತು" ಅಂದಳು. ಸಂಜೆ ನಂಜುಂಡೇಶ ಪುಸ್ತಕ ತಿರುವಿದರೆ ಅಲ್ಲಿತ್ತು: ಬೂದಿಕೋಟೆ. ಅವನ ಹೆದರಿಕೆಗೆ ಈಗ ಗೌರವವೂ ಸೇರಿತು.

ಮೂರನೆಯ ದಿನ ಮತ್ತೆ ಒಳಗೆ ಹೋದ. ಕೇಳಿದ. ಕೊಳವೆ ಹೇಳಿತು. ಮಂಗಳೂರು ಒಪ್ಪಂದ ಯಾವಾಗ? ಸಾವಿರದ ಏಳುನೂರ ಎಂಬತ್ತನಾಲ್ಕು. ಟೀಪು ಸತ್ತ ವರ್ಷ? ಸಾವಿರದ ಏಳುನೂರ ತೊಂಬತ್ತೊಂಬತ್ತು. ನಂಜುಂಡೇಶ ಬರೆದುಕೊಂಡ. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವನು ಹೆಂಡತಿಗೆ ಕೇಳಿದ ಪ್ರಶ್ನೆಗಳು ಎರಡೇ: ಅನ್ನ ಆಯ್ತಾ, ಟವೆಲ್ ಎಲ್ಲಿ. ಈಗ ದಿನಕ್ಕೆ ನಲವತ್ತು ಕೇಳುತ್ತಿದ್ದ. ಸುಕನ್ಯ ಹುಣಸೆಹಣ್ಣು ಮುಗಿದ ಮೇಲೂ ಕಲ್ಲು ಬಿಟ್ಟು ಏಳಲಿಲ್ಲ.

ಊರಿನಲ್ಲಿ ಚರ್ಚೆ ಬೇರೆ ಕಡೆ ತಿರುಗಿತ್ತು. ದೆವ್ವ ಪುಟ್ಟಮಾದಮ್ಮನದೇ, ಅದರಲ್ಲಿ ಎರಡು ಮಾತಿರಲಿಲ್ಲ. ಆದರೆ ಹೆಬ್ಬೆಟ್ಟು ಒತ್ತುತ್ತಿದ್ದವಳಿಗೆ ಇಸವಿ ಎಲ್ಲಿಂದ ಬಂತು?

"ಅದ್ಯಾಕ್ ಬರಕಿಲ್ಲ?" ಎಂದಳು ಮಂಗಳಮ್ಮ. "ಚರಿತ್ರೆ ಅಂದ್ರೆ ಎಲ್ಲಾ ಸತ್ತೋರ್ ಇಸ್ಯ ತಾನೆ? ಇವ್ಳೂ ಅಲ್ಲೇ ಅವ್ಳೆ. ಟೀಪುನೇ ಕೇಳ್ಕೊಂಡ್ ಬಂದು ಯೋಳ್ತಾಳೆ."

ಜಗುಲಿಯ ತುದಿಯಲ್ಲಿ ಕೂತಿದ್ದ ಪುಟ್ಟಮಾದಮ್ಮನ ಗಂಡ ಹುಚ್ಚಯ್ಯ ಮಾತ್ರ ಬೀಡಿ ಆರಿದ್ದರೂ ಎಳೆಯುತ್ತಿದ್ದ.

ಅಷ್ಟರಲ್ಲಿ ಶಿಕ್ಷಣ ಕೇಂದ್ರದಿಂದ ಕಾಗದ ಬಂತು. ನಂಜುಂಡೇಶ ತನ್ನ ಮನೆಯ ಜಗುಲಿಯಲ್ಲೇ, ಊರವರ ಮುಂದೆ, ಒಡೆದು ಗಟ್ಟಿಯಾಗಿ ಓದಿದ: "ವಿದ್ಯಾರ್ಥಿಗಳು ಸಂಪರ್ಕ ತರಗತಿಗೆ ಕಡ್ಡಾಯವಾಗಿ ಹಾಜರಾಗತಕ್ಕದ್ದು."

"ಸಂಪರ್ಕ ಅಂದ್ರೆ..." ಎಂದು ಯಾರೋ ಪಿಸುಗುಟ್ಟಿದರು.

"ಇನ್ನೇನು? ಅದೇ," ಎಂದಳು ಮಂಗಳಮ್ಮ. "ಸರ್ಕಾರ್ದೋರ್ಗೂ ಗೊತ್ತು ಅಂದಂಗಾಯ್ತು. ಅವ್ರೇ ತರಗತಿ ಮಡಗವ್ರೆ."

ನಂಜುಂಡೇಶ ಕೇಂದ್ರದ ಗುಮಾಸ್ತ ವಸಂತನಿಗೆ ಫೋನು ಮಾಡಿದ. ಎಲ್ಲರಿಗೂ ಕೇಳಲೆಂದು ಸ್ಪೀಕರ್ ಒತ್ತಿದ. ಸುಕನ್ಯ ಒಳಗೆ ಬಾಗಿಲ ಹಿಂದೆ ನಿಂತಳು.

"ಸಾರ್, ನಮಗೆ ಸಂಪರ್ಕ ಇಲ್ಲೇ ಆಗ್ತಾ ಅದೆ. ಅಲ್ಲಿಗೂ ಬರ್ಬೇಕಾ?"

"ಇಲ್ಲೇ ಅಂದ್ರೆ? ಯಾರ್ ಜೊತೆ?"

"ನಮಗಿಂತ ಮೊದ್ಲು ಹೋದೋರ ಜೊತೆ ಸಾರ್."

"ಓ, ಸೀನಿಯರ್ಸಾ?"

ನಂಜುಂಡೇಶ ಸುತ್ತಲಿನವರ ಮುಖ ನೋಡಿದ. "ಹೂಂ ಸಾರ್. ಎಂಟು ವರ್ಷ ಸೀನಿಯರ್ರು."

"ಒಳ್ಳೇದಾಯ್ತಲ್ರೀ, ಹೇಳಿಸ್ಕೊಳ್ಳಿ. ಭಯ ಪಡ್ಬೇಡಿ, ಅವ್ರೇನ್ ನಿಮ್ಮನ್ನ ತಿಂದ್ಕೊಳಲ್ಲ." ಫೋನಿನಲ್ಲಿ ಕಾಗದ ಮಗುಚಿದ ಸದ್ದು. "ಅಂದಂಗೆ, ಫಲಾನುಭವಿ ಬದಲಾವಣೆ ಏನಾದ್ರೂ ಇದ್ರೆ ಈ ಶುಕ್ರವಾರವೇ ಕೊನೆ. ಹೆಂಡ್ತಿ ಓದೋದಿದ್ರೆ ಅವ್ರ ಹೆಸರಿಗೆ ಮಾಡ್ಬಹುದು. ಆಮೇಲೆ ಬಂದು ಅಳ್ಬೇಡಿ."

ಬಾಗಿಲ ಹಿಂದೆ ಸುಕನ್ಯ ಚಿಲಕವನ್ನು ಹಿಡಿದುಕೊಂಡಳು. ಗಂಡ ಸತ್ತವರಿಗೆ ಮಾತ್ರವಲ್ಲ ಹಾಗಾದರೆ. ಅಂದು ಸೋಮವಾರ.

ರಾತ್ರಿ ಊಟಕ್ಕೆ ಬಡಿಸುತ್ತ ಕೇಳಿದಳು. "ಶುಕ್ರವಾರದ ಮಾತು ಕೇಳಿದ್ರಾ?"

"ಬದಲಾವಣೆ ಯಾಕೆ ಮಾಡ್ಲಿ? ನನಗೆ ಹೇಳ್ಕೊಡೋಕೆ ಆಳು ಸಿಕ್ಕವ್ರೆ," ಎಂದ ನಂಜುಂಡೇಶ, ಸಾರು ಕಲೆಸುತ್ತ. "ಪುಟ್ಟಮಾದಮ್ಮ ಇರೋವರೆಗೆ ನಂಗೆ ಭಯವಿಲ್ಲ."

ಸಾರಿನ ಸೌಟು ಸುಕನ್ಯಳ ಕೈಯಲ್ಲಿ ಒಂದು ಗಳಿಗೆ ಗಾಳಿಯಲ್ಲಿ ನಿಂತಿತು. ತನ್ನದೇ ಬಾಯಿ ತನಗೇ ಸವತಿಯಾಗಿ ಕೂತಿತ್ತು.

ಮಂಗಳವಾರ ಸಾಲಿಗ್ರಾಮದ ಕಡೆಯಿಂದ ಕವಡೆ ಶಾಸ್ತ್ರದ ಚೆಲುವಯ್ಯನನ್ನು ಮಂಗಳಮ್ಮನೇ ನಂಜುಂಡೇಶನ ಮನೆಗೆ ಕರೆಸಿದಳು. ಅವನು ಮೂವತ್ತು ವರ್ಷದಿಂದ ಹೋದವರ ಪರವಾಗಿ ಮಾತಾಡುತ್ತ ಬಂದವನು. ಕವಡೆ ಚೆಲ್ಲಿ, ಕಣ್ಣು ಮುಚ್ಚಿ, "ಆಸೆ ಉಳ್ಕಂಡದೆ," ಎಂದ. "ಇರೋವಾಗ ಓದ್ನಿಲ್ಲ, ಈಗ ಓದ್ತಾವ್ಳೆ. ಗುರುವಾರ ಮಟಮಟ ಮಧ್ಯಾಹ್ನ ಎಡೆ ಇಟ್ಟು, ಏನ್ ಬೇಕು ಅಂತ ಕೇಳ್ಬೇಕು. ಕೇಳಿದ್ದ ಕೊಡ್ಬೇಕು. ಕೊಡ್ನಿಲ್ಲ ಅಂದ್ರೆ ಮನೆ ಯಜಮಾನಂಗೆ ಒಳ್ಳೇದಲ್ಲ."

"ಏನ್ ಕೇಳಿದ್ರೂ ಕೊಡ್ತೀನಿ," ಎಂದ ಯಜಮಾನ.

ಸುಕನ್ಯ ಒಳಗೆ ಲೋಟ ತೊಳೆಯುತ್ತಿದ್ದಳು. ಅವಳಿಗೆ ದಾರಿ ಕಂಡಿತು. ಬುಧವಾರವೆಲ್ಲ ಕೋಳಿಗೂಡಿನ ಹತ್ತಿರ ಕೂತು, ಗಂಟಲು ಗೊಗ್ಗರು ಮಾಡಿ ಅಭ್ಯಾಸ ಮಾಡಿದಳು: "ಸುಕನ್ಯನ್ನ ಓದುಸ್ಲಾ. ಅವ್ಳ ಎಸ್ರು ಬರ್ಸ್ಲಾ." ಕೋಳಿಗಳು ಮೊದಲು ತಲೆ ಓರೆ ಮಾಡಿ ಕೇಳಿದವು, ಆಮೇಲೆ ದೂರ ಹೋದವು.

ಗುರುವಾರ ಅರ್ಧ ಊರೇ ಬ್ಯಾರನ್ನಿನೊಳಗೆ ತುಂಬಿತು. ಬಾಳೆಲೆಯ ಮೇಲೆ ಮುದ್ದೆ, ಬಾಡಿನ ಸಾರು, ಎಲೆಯಡಿಕೆ, ಪುಟ್ಟಮಾದಮ್ಮ ದವಡೆಗೆ ಒತ್ತಿಕೊಳ್ಳುತ್ತಿದ್ದ ಹೊಗೆಸೊಪ್ಪಿನ ಚೂರು. ಇವೆಲ್ಲ ಎಲ್ಲ ಎಡೆಯಲ್ಲೂ ಇರುವಂಥವು. ಈ ಎಡೆಯಲ್ಲಿ ಜೊತೆಗೆ ಇನ್ನೂರು ಪುಟದ ಒಂದು ನೋಟ್‌ಬುಕ್ಕು, ಎರಡು ನೀಲಿ ಪೆನ್ನು ಇದ್ದವು. ಸುಕನ್ಯ, "ನಾನು ಹೊರಗಾಗಿದ್ದೀನಿ, ಒಳಗೆ ಬರೋ ಹಂಗಿಲ್ಲ," ಎಂದಳು. ಯಾರೂ ಎರಡನೆಯ ಮಾತು ಕೇಳಲಿಲ್ಲ. ಹೆಂಗಸಿನ ಈ ಒಂದು ಮಾತಿಗೆ ಊರು ಯಾವತ್ತೂ ಸಾಕ್ಷಿ ಕೇಳಿದ್ದಿಲ್ಲ.

ಗೋಡೆಯನ್ನು ಬಳಸಿ ಹಿಂದಕ್ಕೆ ಬಂದು, ಮೊರವನ್ನು ಪಕ್ಕಕ್ಕಿಟ್ಟು, ಕಲ್ಲಿನ ಮೇಲೆ ಕೂತಳು. ನೆರಳು ಅಂಗಾಲಿನಡಿ ಸೇರಿಹೋಗಿತ್ತು. ಎಲೆ ಅಲುಗುತ್ತಿರಲಿಲ್ಲ. ಕೆದಕುತ್ತಿದ್ದ ಕೋಳಿಗಳು ಒಂದೊಂದಾಗಿ ಕೆದಕುವುದನ್ನು ನಿಲ್ಲಿಸಿ, ಒಂದು ಕಾಲು ಎತ್ತಿಕೊಂಡು ನಿಂತವು. ಒಲೆ ಬಾಯಿಂದ ಸುಟ್ಟ ಸೌದೆಯ ವಾಸನೆ ಬಂತು. ಎಂಟು ವರ್ಷದ ಬೂದಿಗೆ ವಾಸನೆ ಎಲ್ಲಿಂದ ಎಂದು ಅವಳಿಗೆ ಅನಿಸಿತು, ಆದರೆ ಒಳಗೆ ಚೆಲುವಯ್ಯ ಶುರು ಮಾಡಿದ್ದ.

"ಯಾರವ್ವಾ ನೀನು?"

ಸುಕನ್ಯ ತಲೆ ಬಗ್ಗಿಸಿ ಗೊಗ್ಗರು ದನಿಯಲ್ಲಿ ಅಂದಳು: "ಪುಟ್ಟಮಾದಿ."

ಒಳಗೆ 'ಹಾ' ಎಂಬ ಉಸಿರು. ಇನ್ನೊಂದೇ ಪ್ರಶ್ನೆ. ಅವಳು ತುಟಿ ಒದ್ದೆ ಮಾಡಿಕೊಂಡಳು.

ಆದರೆ ಮುಂದಿನ ಪ್ರಶ್ನೆ ಚೆಲುವಯ್ಯನದಾಗಿರಲಿಲ್ಲ. ಇಷ್ಟು ದಿನ ಬಾಯಿ ಬಿಡದಿದ್ದ ಹುಚ್ಚಯ್ಯನ ಒಣಗಿದ ದನಿ.

"ನೀನು ಅವ್ಳೇ ಆಗಿದ್ರೆ ಯೋಳು. ಹೋದ ದಿನ ಬೆಳಿಗ್ಗೆ ನಂಗೇನ್ ಅಂದೆ? ಮನೇಲಿ ನಾವಿಬ್ರೇ ಇದ್ದೊ."

ಇದು ಯಾವ ಪಾಠದಲ್ಲೂ ಇರಲಿಲ್ಲ. ಸುಮ್ಮನಿದ್ದರೆ ಆಟ ಮುಗಿಯಿತು, ನಾಳೆಯ ಶುಕ್ರವಾರವೂ ಮುಗಿಯಿತು. ಏನಾದರೊಂದು ಹೇಳೋಣವೆಂದರೆ ಮುದುಕನ ದನಿ ನೆನಪಾಗಿ ಬಾಯಿ ಏಳಲಿಲ್ಲ. ಅವಳು ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡಳು.

ಅವಳ ಕಿವಿಯ ಪಕ್ಕದಲ್ಲಿ, ಒಲೆಯ ಬಾಯಿಂದ, ಆತುರವಿಲ್ಲದ ಒಂದು ದನಿ ಬಂತು.

"ಮುದ್ದೆ ಗಂಟಾಗ್ಬುಟ್ಟದೆ ಅಂದೆ ನಾನು. ಗಂಟ ಒಡಕಂಡ್ ತಿನ್ನು, ಮದ್ವೇಲಿ ಬಿದ್ದ ಗಂಟ ಒಡಿಯಕಾಯ್ತದಾ ಅಂದೆ. ತಿಂದ್ ಎದ್ದೋದೆ ನೀನು. ತಿರುಗಿ ನೋಡ್ನಿಲ್ಲ."

ಸುಕನ್ಯಳ ಕೈ ಇನ್ನೂ ಅವಳ ಬಾಯಿಯ ಮೇಲೇ ಇತ್ತು. ಬೆರಳುಗಳ ಕೆಳಗೆ ತುಟಿ ಅಲುಗಿರಲಿಲ್ಲ.

ಒಳಗೆ ಯಾರೋ ಧೊಪ್ಪನೆ ಕುಸಿದು ಕೂತ ಸದ್ದು. ಆಮೇಲೆ ಕವಡೆಗಳು ನೆಲಕ್ಕೆ ಚೆಲ್ಲಿದ ಸದ್ದು. ಮೂವತ್ತು ವರ್ಷದ ವೃತ್ತಿಯಲ್ಲಿ ಚೆಲುವಯ್ಯನಿಗೆ ನಿಜವಾದ ಉತ್ತರವೊಂದು ಬಂದದ್ದು ಇದೇ ಮೊದಲು. ಅವನ ಗಂಟಲಿನಿಂದ ಕೋಳಿಮರಿಯ ದನಿ ಹೊರಟಿತು.

"ತಾಯಿ... ನಿಮ್ಗೇನ್ ಬೇಕು ತಾಯಿ?"

"ನಂಗೇನೂ ಬ್ಯಾಡ. ಬೂದಿಕೋಟೆ ಅಂದೋಳು ನಾನಲ್ಲ. ನಂಗೆ ಓದಕ್ಕೆ ಬರಕಿಲ್ಲ. ಓದೋಳು ಆಚೆ ನನ್ನ ಕಲ್ ಮೇಲ್ ಕುಂತವ್ಳೆ. ಹೋಗ್ ನೋಡಿ."

ಊರು ಗೋಡೆ ಸುತ್ತಿ ಬಂದಾಗ ಸುಕನ್ಯ ಹಾಗೆಯೇ ಕೂತಿದ್ದಳು: ಬಾಯಿ ಮೇಲೆ ಕೈ, ಹಣೆಯ ಮೇಲೆ ಬೂದಿ, ಮೊರದ ಕೆಳಗೆ ಚರಿತ್ರೆಯ ಎರಡನೆಯ ಭಾಗ.

ಮೊದಲು ಬಾಯಿ ಬಂದದ್ದು ಮಂಗಳಮ್ಮನಿಗೆ. "ಅಯ್ಯೋ ನಿನ್ನ! ನೀನೇನೆ ದೆವ್ವ!"

ಊರು ಹೋ ಎಂದು ನಕ್ಕಿತು. ಭಯ ಇಳಿದ ನಗು, ತಡೆಯುವಂತಿರಲಿಲ್ಲ. ಎಲ್ಲವೂ ಸುಕನ್ಯಳದೇ ಎಂದು ಕ್ಷಣದಲ್ಲಿ ತೀರ್ಮಾನವಾಯಿತು. ಬೂದಿಕೋಟೆಯೂ ಅವಳೇ, ಮುದ್ದೆಯ ಗಂಟೂ ಅವಳೇ, ಕೊನೆಗೆ ತಾಳಲಾರದೆ ತಾನೇ ಒಪ್ಪಿಕೊಂಡವಳೂ ಅವಳೇ. ಎಲ್ಲರಿಗಿಂತ ಹಗುರಾದವನು ಚೆಲುವಯ್ಯ. ಬೆವರು ಒರೆಸಿಕೊಂಡು, "ನಂಗ್ ಮೊದ್ಲೇ ಗೊತ್ತಿತ್ತು ಕಣ್ರಪ್ಪ," ಎಂದು ಎಡೆಯ ಬಾಡಿನ ಕಡೆ ನಡೆದ.

ನಂಜುಂಡೇಶ ನಗಲಿಲ್ಲ. ಹೆಂಡತಿಯ ಮುಂದೆ ಬಂದು ನಿಂತ. ಕಿವಿಗಳು ಕೆಂಪಾಗಿದ್ದವು. ಬೇರೇನೂ ತೋಚದೆ ಅಧಿಕಾರಿಯ ದನಿಯಲ್ಲಿ ಗುಡುಗಿದ:

"ಶ್ರೀರಂಗಪಟ್ಟಣದ ಒಪ್ಪಂದ ಯಾವ ವರ್ಷ?"

ಸುಕನ್ಯ ಎದ್ದು ನಿಂತಳು. ಕೊಳವೆಯಿಲ್ಲದ ತನ್ನ ದನಿ ಇಷ್ಟು ಸಣ್ಣದೇ ಎಂದು ಒಂದು ಗಳಿಗೆ ಗಾಬರಿಯಾಯಿತು. "ಸಾವಿರದ ಏಳುನೂರ ತೊಂಬತ್ತೆರಡು."

"ಯಾರ್ಯಾರ ನಡುವೆ?"

ಹೇಳಿದಳು. ಅವನು ಇನ್ನೊಂದು ಕೇಳಿದ, ಮತ್ತೊಂದು. ನಗು ನಿಂತಿತು. ಬಿಸಿಲಿನಲ್ಲಿ ನಿಂತ ಊರು ಒಮ್ಮೆ ಅವನ ಬಾಯಿ, ಒಮ್ಮೆ ಅವಳ ಬಾಯಿ ನೋಡಿತು. ಸುಮಾರು ಇಪ್ಪತ್ತಾದ ಮೇಲೆ ನಂಜುಂಡೇಶನ ಪ್ರಶ್ನೆಗಳು ಮುಗಿದವು.

"ಅಂದ್ರೆ ಇಷ್ಟು ದಿನ ನಾನು ಕಾಪಿ ಹೊಡೀತಿದ್ದೆ," ಎಂದ, ತನಗೆ ತಾನೇ ಆರೋಪಪಟ್ಟಿ ಓದಿಕೊಳ್ಳುವವನಂತೆ.

"ಏನ್ ಕೇಳಿದ್ರೂ ಕೊಡ್ತೀನಿ ಅಂದಿದ್ರಿ," ಎಂದಳು ಸುಕನ್ಯ. "ದೆವ್ವ ಕೇಳ್ಲಿಲ್ಲ. ನಾನು ಕೇಳ್ತಾ ಇದ್ದೀನಿ. ನನ್ನ ಹೆಸರು ಬರೆಸಿ."

ಇಷ್ಟು ಜನರ ಮುಂದೆ ದೆವ್ವಕ್ಕೆ ಕೊಟ್ಟ ಮಾತನ್ನು ಹೆಂಡತಿಗೆ ಕೊಡುವುದಿಲ್ಲ ಎನ್ನಲು ಸೈನ್ಯದಲ್ಲಿದ್ದವನಿಗೂ ಧೈರ್ಯ ಸಾಲದು. ಶುಕ್ರವಾರ ಹನ್ನೊಂದಕ್ಕೆ ಇಬ್ಬರೂ ಹುಣಸೂರಿನ ಕೇಂದ್ರದಲ್ಲಿದ್ದರು. ಗುಮಾಸ್ತ ವಸಂತ ತಿದ್ದುಪಡಿ ನಮೂನೆ ಕೊಟ್ಟು, "ಬದಲಾವಣೆಗೆ ಕಾರಣ ಬರೀರಿ," ಎಂದ. ನಂಜುಂಡೇಶ ಬಹಳ ಹೊತ್ತು ಪೆನ್ನು ಕಚ್ಚಿ ಕೂತ. ಆಮೇಲೆ ಬರೆದ: 'ಸೀನಿಯಾರಿಟಿ.' ವಸಂತ ಅದನ್ನು ಎರಡು ಸಲ ಓದಿ, ಮೊಹರು ಒತ್ತಿದ.

ಭಾನುವಾರ ಸುಕನ್ಯ ಅಂಗಳ ಗುಡಿಸುತ್ತಿದ್ದಾಗ ಹುಚ್ಚಯ್ಯ ಬಂದು ಬೇಲಿಯ ಹೊರಗೇ ನಿಂತ.

"ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕಬ್ಯಾಡ ಕಣವ್ವ. ಆ ಮುದ್ದೆ ಮಾತು..."

ಹೌದು ಎಂದರೆ ಮುಗಿಯುತ್ತಿತ್ತು. ಊರಿನ ಕಥೆಗೂ ಅದೇ ಹೊಂದುತ್ತಿತ್ತು. ಸುಕನ್ಯ ಪೊರಕೆ ಕೆಳಗಿಟ್ಟಳು.

"ನಾನಲ್ಲ ಮಾವ."

ಮುದುಕ ತಲೆಯಾಡಿಸಿದ. "ಅನ್ಕಂಡೆ. ಅವತ್ತು ತಿರುಗಿ ನೋಡ್ಬೇಕಿತ್ತು," ಎಂದ. ಟವೆಲಿನಲ್ಲಿ ಮುಖ ಒರೆಸಿಕೊಂಡು ಹೋದವನು, ಬೇಲಿಯ ತಿರುವಿನಲ್ಲಿ ನಿಂತು, ಬ್ಯಾರನ್ನಿನ ಕಡೆ ಒಂದು ಸಲ ತಿರುಗಿ ನೋಡಿದ.

ಸುಕನ್ಯ ಹದಿನೈದು ದಿನ ಬ್ಯಾರನ್ನಿನ ಕಡೆ ಹೋಗಲಿಲ್ಲ. ನಡುಮನೆಯಲ್ಲಿ ಓದಲು ಕೂತರೆ ನಂಜುಂಡೇಶ ಅಲ್ಲೇ ಟಿ.ವಿ. ಹಾಕಿಕೊಂಡು, ಅನ್ನ ತಾನೇ ಇಟ್ಟಿದ್ದೇನೆಂದು ಮೂರು ಸಲ ಜ್ಞಾಪಿಸುತ್ತಿದ್ದ. ಕೊನೆಗೊಂದು ಮಧ್ಯಾಹ್ನ ಅವಳು ಪುಸ್ತಕ ಎದೆಗೊತ್ತಿಕೊಂಡು ಹೋಗಿ, ಒಳಗೆ ಕೂತು, ಬಾಗಿಲು ಅರ್ಧ ತೆರೆದಿಟ್ಟು, ಗಟ್ಟಿಯಾಗಿ ಓದತೊಡಗಿದಳು. ಓದಿದರೆ ಭಯ ಕಡಿಮೆಯಾಗುತ್ತದೆ ಎಂದುಕೊಂಡಿದ್ದಳು. ಆದ್ದರಿಂದ ವೇಗವಾಗಿ ಓದಿದಳು. ಕದಂಬರು ಮುಗಿದು ಗಂಗರು ಬಂದರು. ಹೊರಗೆ ಕೋಳಿಗಳ ಸದ್ದು ನಿಂತಿತು. ಆದರೂ ಪುಟ ತಿರುಗಿಸಿದಳು.

"ತಾಳವ್ವ," ಎಂದಿತು ಕೊಳವೆ, ಬಹಳ ಸಂಕೋಚದಿಂದ. "ಅಷ್ಟ್ ಬಿರ್‌ಬಿರ್ನೆ ಓದುದ್ರೆ ನಂಗೆ ತಿಳಿಯಕಿಲ್ಲ."

ಸುಕನ್ಯ ಬಾಗಿಲ ಕಡೆ ನೋಡಿದಳು. ಬಾಗಿಲು ನಾಲ್ಕೇ ಹೆಜ್ಜೆ. ಅವಳು ಏಳಲಿಲ್ಲ. ಪುಟವನ್ನು ಹಿಂದಕ್ಕೆ ಮಗುಚಿ, ಪುಸ್ತಕವನ್ನು ಕೊಳವೆಯ ಕಡೆಗೆ ಸ್ವಲ್ಪ ಓರೆ ಮಾಡಿ ಹಿಡಿದು, ಮೊದಲ ಅಕ್ಷರದ ಕೆಳಗೆ ಬೆರಳಿಟ್ಟಳು.